ನ್ಯಾಸವೋ, ಸ್ವತ್ತೋ? ಹಳೆಯ ಕಡತಗಳ ಕುರಿತು ಒಂದು ಧರ್ಮವಿಚಾರ

ಪಶ್ಚಿಮ ಘಟ್ಟದ ತಪ್ಪಲಿನಲ್ಲಿ, ಕಡಬ ಮತ್ತು ಕುಕ್ಕೆ ಸುಬ್ರಹ್ಮಣ್ಯಗಳ ನಡುವೆ ನೆಟ್ಟಣವೆಂಬ ಗ್ರಾಮವಿದೆ. ಹಾಸನದಿಂದ ಮಂಗಳೂರಿಗೆ ಬರುವ ರೈಲು ಸಕಲೇಶಪುರವನ್ನು ದಾಟಿ, ಐವತ್ತಕ್ಕೂ ಹೆಚ್ಚು ಸುರಂಗಗಳನ್ನು ಹಾದು, ಘಟ್ಟ ಇಳಿದು ಮೊದಲು ನಿಲ್ಲುವ ದೊಡ್ಡ ನಿಲ್ದಾಣ ಇದೇ ಊರಿನದು. ಆದರೆ ನಿಲ್ದಾಣಕ್ಕೆ ಊರಿನ ಹೆಸರಿಲ್ಲ. ಫಲಕದಲ್ಲಿರುವುದು ‘ಸುಬ್ರಹ್ಮಣ್ಯ ರೋಡ್’ ಎಂದು. ಯಾತ್ರಿಕರಿಗೆ ಅದರಿಂದ ಅನುಕೂಲವಾಗಿದೆ, ನಿಜ. ನೆಟ್ಟಣವೆಂಬ ಹೆಸರು ಮಾತ್ರ ಅಂಚೆಯ ವಿಳಾಸದಲ್ಲಿಯೂ ಊರವರ ಬಾಯಲ್ಲಿಯೂ ಉಳಿದುಕೊಂಡಿದೆ.

ಇದೇ ನೆಟ್ಟಣದ ಕಿದು ಎಂಬಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವೊಂದಿದೆ. ಅಲ್ಲಿ ದಕ್ಷಿಣ ಏಷ್ಯಾದ ಅಂತರರಾಷ್ಟ್ರೀಯ ತೆಂಗಿನ ತಳಿ ಸಂಗ್ರಹವನ್ನು ಕಾಪಾಡಲಾಗುತ್ತಿದೆ. ಬೇರೆ ಬೇರೆ ದೇಶಗಳಿಂದಲೂ ದ್ವೀಪಗಳಿಂದಲೂ ತಂದ ತೆಂಗು ಅಲ್ಲಿ ಬೆಳೆದು ನಿಂತಿದೆ. ಯಾವ ಸಸಿ ಎಲ್ಲಿಂದ ಬಂತು, ಎಂದು ನೆಟ್ಟರು, ಅದರ ಗುಣವೇನು ಎಂಬುದಕ್ಕೆಲ್ಲ ದಾಖಲೆಯಿದೆ. ಇಂತಹ ಸಂಗ್ರಹಗಳನ್ನು ಆಯಾ ದೇಶಗಳು ತಮ್ಮ ಸ್ವತ್ತೆಂದು ಇಟ್ಟುಕೊಳ್ಳುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯೊಡನೆ ಆದ ಒಪ್ಪಂದದಂತೆ ಲೋಕದ ಪರವಾಗಿ ಕಾಯುತ್ತವೆ. ಮಲೆಯ ಮಡಿಲಿನ ಒಂದು ಗ್ರಾಮದಲ್ಲಿ ಪರದೇಶದ ತೆಂಗಿನ ವಂಶಾವಳಿ ಇಷ್ಟು ಶಿಸ್ತಿನಿಂದ ಉಳಿದಿರುವಾಗ, ಅದೇ ಗ್ರಾಮದ ಮನುಷ್ಯರ ವಂಶಾವಳಿ, ಗೇಣಿ, ಸಾಲ, ವ್ಯಾಜ್ಯ, ದಾನಗಳ ಕಡತಗಳು ಎಲ್ಲಿವೆ?

ಉತ್ತರ ಸುಲಭವಲ್ಲ. ದಕ್ಷಿಣ ಕನ್ನಡ 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿತ್ತು. ಆದ್ದರಿಂದ ಬ್ರಿಟಿಷರ ಕಾಲದ ಕಲೆಕ್ಟರ ಕಾಗದಪತ್ರಗಳನ್ನು ಹುಡುಕುವವನು ಚೆನ್ನೈಯ ಎಗ್ಮೂರಿನ ಪತ್ರಾಗಾರಕ್ಕೆ ಹೋಗಬೇಕು. ಅಮರ ಸುಳ್ಯದ ಸೀಮೆ 1834ರವರೆಗೆ ಕೊಡಗಿನ ಅರಸರದಾಗಿತ್ತು; ಅದಕ್ಕೂ ಹಿಂದಿನದನ್ನು ಅರಸುವವನು ಘಟ್ಟ ಹತ್ತಬೇಕು. 1956ರ ಅನಂತರದ್ದು ಬೆಂಗಳೂರು, ಮಂಗಳೂರುಗಳಲ್ಲಿ ಹಂಚಿದೆ. ಕಡಬ ತಾಲೂಕಾದದ್ದು ತೀರ ಈಚೆಗೆ. ಅದರ ಗ್ರಾಮಗಳ ಕಡತಗಳು ಹಳೆಯ ತಾಲೂಕು ಕಚೇರಿಗಳ ಕಪಾಟುಗಳಿಂದ ಹೊಸದಕ್ಕೆ ಬರಬೇಕಾಯಿತು. ಕಚೇರಿಯಿಂದ ಕಚೇರಿಗೆ ಹೋಗುವ ಕಡತ ಪ್ರತಿ ಸಲವೂ ಸ್ವಲ್ಪ ಹಗುರಾಗುತ್ತದೆ ಎಂಬುದು ವ್ಯವಹಾರಸ್ಥರೆಲ್ಲರೂ ಬಲ್ಲ ಸಂಗತಿ.

ಸರಕಾರದ ಕಾಗದ ಉಳಿದರೂ ಅದು ಒಂದೇ ಪಕ್ಷದ ಮಾತು. 1837ರಲ್ಲಿ ಅಮರ ಸುಳ್ಯದ ರೈತರು ಬಂಡೆದ್ದು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು, ಪಾಣೆಮಂಗಳೂರು, ಬಂಟವಾಳಗಳ ಮಾರ್ಗವಾಗಿ ಮಂಗಳೂರಿಗೆ ನಡೆದು ಸುಮಾರು ಎರಡು ವಾರ ಅದನ್ನು ಹಿಡಿದುಕೊಂಡಿದ್ದರು. ಕೊಡಗಿನ ಆಳ್ವಿಕೆಯಲ್ಲಿ ಧಾನ್ಯರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂದದ್ದು ಆ ದಂಗೆಯ ಒಂದು ಮುಖ್ಯ ಕಾರಣ. ಕೆದಂಬಾಡಿ ರಾಮಯ್ಯ ಗೌಡರಂತಹವರ ಜೊತೆಗೆ ನಂದಾವರದ ಲಕ್ಷ್ಮಪ್ಪ ಬಂಗರಸನೂ ಅದರಲ್ಲಿದ್ದನು. ಸಿಕ್ಕಿಬಿದ್ದು ನೇಣುಗಂಬವನ್ನೇರಿದ ಆತ ಜೈನನು. ಈ ಘಟನೆ ಜನರ ಬಾಯಲ್ಲಿ ಬಹುಕಾಲ ‘ಕಲ್ಯಾಣಪ್ಪನ ಕಾಟುಕಾಯಿ’ ಎಂದು, ಲೂಟಿಯ ಕತೆಯಾಗಿ ಉಳಿಯಿತು. ಗೆದ್ದವರ ವರದಿಗಳು ಕಪಾಟಿನಲ್ಲಿ ಭದ್ರವಾಗಿದ್ದವು. ಸೋತವರ ಮನೆಯ ಓಲೆಗಳು ಮಳೆಗೆ, ಗೆದ್ದಲಿಗೆ, ಭಯಕ್ಕೆ ಹೋದವು. ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು 2022ರಲ್ಲಿ.

ಆದ್ದರಿಂದ ಪ್ರಶ್ನೆ ಮನೆಗಳ ಅಟ್ಟಕ್ಕೆ ಬಂದು ನಿಲ್ಲುತ್ತದೆ. ತುಳುನಾಡಿನ ಬೀಡುಗಳಲ್ಲಿ, ಗುತ್ತುಗಳಲ್ಲಿ, ಬಸದಿಗಳ ಒಳಕೋಣೆಗಳಲ್ಲಿ, ಹಳೆಯ ವರ್ತಕರ ಅಂಗಡಿಗಳ ಮಾಳಿಗೆಯಲ್ಲಿ ಇನ್ನೂ ಪೆಟ್ಟಿಗೆಗಳಿವೆ. ಮೂಲಗೇಣಿ, ಚಾಲಗೇಣಿ ಚೀಟುಗಳು, ಅಡವು ಪತ್ರಗಳು, ಮುಡಿ ಅಕ್ಕಿಯ ಲೆಕ್ಕ, ಬಸದಿಯ ಉಂಬಳಿಯ ಕಾಗದ, ತುಳು ಲಿಪಿಯ ತಾಳೆಗರಿ ಎಲ್ಲವೂ ಅವುಗಳಲ್ಲಿವೆ. ಇವು ಯಾರವು?

ಅಳಿಯಕಟ್ಟಿನ ಕುಟುಂಬಗಳಿಗೆ ಈ ಪ್ರಶ್ನೆ ಹೊಸದಲ್ಲ. ಅಲ್ಲಿ ಯಜಮಾನನು ಆಸ್ತಿಯ ಒಡೆಯನಲ್ಲ, ಕವರುಗಳೆಲ್ಲರ ಪರವಾಗಿ ನೋಡಿಕೊಳ್ಳುವವನು ಮಾತ್ರ. 1949ರ ಮದರಾಸು ಅಳಿಯಸಂತಾನ ಕಾಯಿದೆಯ ಅನಂತರ ಕುಟುಂಬಗಳು ಪಾಲಾದವು. ಗದ್ದೆ ಪಾಲಾಯಿತು, ತೋಟ ಪಾಲಾಯಿತು, ಬೆಳ್ಳಿಯ ಹರಿವಾಣವನ್ನೂ ತೂಗಿ ಹಂಚಿದರು. ಕಡತದ ಪೆಟ್ಟಿಗೆಯನ್ನು ಯಾರೂ ಪಾಲು ಕೇಳಲಿಲ್ಲ. ಹಳೆಯ ಮನೆಯಲ್ಲಿ ಉಳಿದವರ ಬಳಿ ಅದೂ ಉಳಿಯಿತು. ಪಾಲುಪಟ್ಟಿಯಲ್ಲಿ ಬರೆಯದ ವಸ್ತುವಿನ ಮೇಲೆ ಕಾಲಕ್ರಮದಲ್ಲಿ ‘ನಮ್ಮದು’ ಎಂಬ ಭಾವ ಬೆಳೆಯಿತು. ಮೂರ್ಛೆಯೇ ಪರಿಗ್ರಹವೆಂದು ಆಚಾರ್ಯರು ಹೇಳಿದ್ದಾರಷ್ಟೆ. ಚಿನ್ನದ ಮೇಲಿನ ಮೂರ್ಛೆಯನ್ನು ಗುರುತಿಸುವುದು ಸುಲಭ. ಯಾರೂ ಓದದ, ಓದಲು ಬಾರದ ಓಲೆಯ ಕಟ್ಟಿನ ಮೇಲಿನ ಮೂರ್ಛೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಈ ವಿಚಾರದಲ್ಲಿ ಶ್ರಾವಕನಿಗೆ ದಾರಿ ತೋರುವ ಒಂದು ಸ್ಥಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿದೆ. ಅಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಲಾಗಿದೆ. ತಪ್ಪು ಉಪದೇಶವನ್ನು ಬಿಟ್ಟರೆ ಉಳಿದ ನಾಲ್ಕೂ ಪತ್ರಾಗಾರದ ಬಾಗಿಲಲ್ಲಿ ಬರೆದಿಡಬೇಕಾದಂತಿವೆ. ಕೂಟಲೇಖಕ್ರಿಯೆ ಎಂದರೆ ಸುಳ್ಳು ಪತ್ರ ಬರೆಯುವುದು. ನ್ಯಾಸಾಪಹಾರವೆಂದರೆ ನಂಬಿ ಇಟ್ಟ ಠೇವಣಿಯ ವಿಷಯದಲ್ಲಿ ಮೋಸ. ರಹೋಭ್ಯಾಖ್ಯಾನವೆಂದರೆ ಏಕಾಂತದಲ್ಲಿ ನಡೆದುದನ್ನು ಬಯಲು ಮಾಡುವುದು. ಸಾಕಾರಮಂತ್ರಭೇದವೆಂದರೆ ಇಂಗಿತದಿಂದ ತಿಳಿದ ಪರರ ಗುಟ್ಟನ್ನು ಅಸೂಯೆಯಿಂದ ಹೊರಗೆಡಹುವುದು. ವಿಚಿತ್ರವೆಂದರೆ, ಕೊಡಬೇಕಾದುದನ್ನು ಕೊಡದಿರುವುದೂ ಇಲ್ಲಿ ದೋಷ, ಹೇಳಬಾರದುದನ್ನು ಹೇಳುವುದೂ ದೋಷ. ಎರಡೂ ಸತ್ಯವ್ರತದ ದೋಷಗಳೇ. ಕಡತದ ಪೆಟ್ಟಿಗೆಯನ್ನು ತೆರೆಯುವವನೂ ಮುಚ್ಚುವವನೂ ಒಂದೇ ವ್ರತದ ಮುಂದೆ ನಿಂತಿದ್ದಾರೆ.

ನ್ಯಾಸಾಪಹಾರಕ್ಕೆ ಪೂಜ್ಯಪಾದಾಚಾರ್ಯರು ಕೊಡುವ ವಿವರಣೆ ಗಮನಾರ್ಹ. ಠೇವಣಿಯನ್ನು ಇಲ್ಲವೆಂದು ಸಾಧಿಸುವ ಗಟ್ಟಿ ಕಳ್ಳನ ಮಾತಲ್ಲ ಅದು. ಇಟ್ಟವನೇ ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಅಷ್ಟನ್ನು ಕೊಟ್ಟು ಸುಮ್ಮನಾಗುತ್ತಾನೆ. ಬಾಯಿಂದ ಬಂದ ಸುಳ್ಳು ಎಷ್ಟು ಚಿಕ್ಕದು! ಕೇಳಿದ್ದನ್ನು ಕೊಟ್ಟಾಯಿತಲ್ಲ! ಆದರೂ ಎಣಿಕೆಯನ್ನು ಬಲ್ಲವನು ಮರೆತವನ ಮರೆವಿನಿಂದ ಲಾಭ ಪಡೆದನು.

ಒಕ್ಕಲಿನ ಮೊಮ್ಮಗನು ಹಳೆಯ ಧಣಿಯ ಮನೆಗೆ ಬಂದು ಅಜ್ಜ ಯಾವ ಗದ್ದೆ ಮಾಡುತ್ತಿದ್ದರೆಂದು ಕೇಳಿದನೆಂದು ಭಾವಿಸೋಣ. ಅವನಿಗೆ ತಿಳಿದಿರುವುದು ಒಂದು ಗದ್ದೆಯ ಹೆಸರು ಮಾತ್ರ. ಧಣಿಯ ಪೆಟ್ಟಿಗೆಯಲ್ಲಿ ಅವನ ಮುತ್ತಜ್ಜನ ಹೆಸರು, ಹಿಂದೆ ಇದ್ದ ಊರು, ಯಾವ ವರ್ಷದ ಬರದಲ್ಲಿ ಎಷ್ಟು ಮುಡಿ ಸಾಲ ಪಡೆದನು, ಅದಕ್ಕಾಗಿ ಯಾರು ಎಷ್ಟು ವರ್ಷ ದುಡಿದರು ಎಲ್ಲವೂ ಇವೆ. ಮನೆಯವರು ಗದ್ದೆಯ ಹೆಸರನ್ನು ಹೌದೆಂದು ಒಪ್ಪಿ, ಕಾಫಿ ಕೊಟ್ಟು ಕಳುಹಿಸುತ್ತಾರೆ. ಇದು ಸೌಜನ್ಯವೋ, ನ್ಯಾಸಾಪಹಾರವೋ?

‘ಅದು ನಮ್ಮ ಮನೆಯ ಲೆಕ್ಕ, ಅವನದಲ್ಲ’ ಎಂಬ ಆಕ್ಷೇಪ ಕೂಡಲೇ ಬರುತ್ತದೆ. ಲೆಕ್ಕಶಾಸ್ತ್ರ ಓದಿದವರು ಇಲ್ಲಿ ಒಂದು ಕ್ಷಣ ತಡೆಯಬೇಕು. ಲೆಕ್ಕದ ಪುಸ್ತಕದಲ್ಲಿ ಒಬ್ಬನೇ ಮನುಷ್ಯನ ನಮೂದು ಎಂಬುದಿಲ್ಲ. ಒಬ್ಬನ ಜಮೆ ಇನ್ನೊಬ್ಬನ ಖರ್ಚು. ಗೇಣಿ ಬಂತೆಂದು ಬರೆದ ಸಾಲಿನ ಆಚೆಗೆ ಗೇಣಿ ಕೊಟ್ಟವನೊಬ್ಬನಿದ್ದಾನೆ. ಅವನಲ್ಲಿ ಪುಸ್ತಕವಿರಲಿಲ್ಲ, ಬರಹವೂ ಇರಲಿಲ್ಲವಾದ್ದರಿಂದ ಇಬ್ಬರ ನೆನಪೂ ಒಂದೇ ಪುಸ್ತಕದಲ್ಲಿ ಉಳಿಯಿತು. ಕಾಗದ, ಶಾಯಿ, ಪೆಟ್ಟಿಗೆ ಧಣಿಯವು. ನಮೂದಿನಲ್ಲಿ ಅರ್ಧ ಒಕ್ಕಲಿನದು. ಅದು ಧಣಿಯ ಮನೆಯಲ್ಲಿರುವುದು ನ್ಯಾಸವಾಗಿ, ಸ್ವತ್ತಾಗಿ ಅಲ್ಲ.

ಹಿಂಜರಿಕೆಗೆ ಚರಿತ್ರೆಯಲ್ಲಿ ಕಾರಣವುಂಟು, ಅದನ್ನು ಮರೆಮಾಡಬೇಕಾಗಿಲ್ಲ. 1961ರ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಒಕ್ಕಲುಗಳು ಏಳನೆಯ ನಮೂನೆಯ ಅರ್ಜಿಗಳನ್ನು ಸಲ್ಲಿಸಿದರು. ಭೂ ನ್ಯಾಯಮಂಡಳಿಯ ಮುಂದೆ ಗೇಣಿಯ ಒಂದು ಹಳೆಯ ಚೀಟು ಒಂದು ಸಂಸಾರದ ಅನ್ನವನ್ನು ನಿರ್ಣಯಿಸಬಲ್ಲುದಾಗಿತ್ತು. ತುಳುನಾಡಿನ ಜೈನ ಮನೆತನಗಳಲ್ಲಿ ಅನೇಕವು ಆಗ ಭೂಮಿಯನ್ನು ಕಳೆದುಕೊಂಡವು. ಪುಸ್ತಕ ತೋರಿಸಿದರೆ ಅಪಾಯವೆಂಬ ಭಾವನೆ ಅಂದಿನಿಂದ ಮನೆಗಳಲ್ಲಿ ಬೇರೂರಿತು. ಅರ್ಜಿಗಳ ಗಡುವು 1979ಕ್ಕೇ ಮುಗಿಯಿತು. ಭಯದ ಗಡುವು ಇನ್ನೂ ಮುಗಿದಿಲ್ಲ.

ಇನ್ನೂ ಕಷ್ಟದ ಪುಟಗಳಿವೆ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿ ಆಳುಗಳನ್ನು ಮಾರುವ, ಅಡವಿಡುವ, ಬಾಡಿಗೆಗೆ ಕೊಡುವ ಪದ್ಧತಿಯನ್ನು ತನ್ನ ಪ್ರವಾಸಗ್ರಂಥದಲ್ಲಿ ದಾಖಲಿಸಿದ್ದಾನೆ. ಗುಲಾಮಗಿರಿಗೆ ಕಾನೂನಿನ ಬೆಂಬಲ ತಪ್ಪಿದ್ದು 1843ರಲ್ಲಿ. ಅದಕ್ಕೆ ಹಿಂದಿನ ಓಲೆಗಳಲ್ಲಿ ಮೂಲದಾಳುಗಳ ಹೆಸರುಗಳು ದನಕರುಗಳ ಲೆಕ್ಕದ ಸಾಲಿನಲ್ಲಿಯೇ ಬರಬಹುದು. ಅಹಿಂಸೆಯನ್ನು ಪರಮಧರ್ಮವೆಂದ ಮನೆಯ ಪೆಟ್ಟಿಗೆಯಲ್ಲಿ ಅಂತಹ ಓಲೆ ಸಿಕ್ಕರೆ ಏನು ಮಾಡಬೇಕು? ಸುಟ್ಟುಬಿಡಬೇಕೆನ್ನುವವರಿದ್ದಾರೆ, ಉಳಿದ ಓಲೆಗಳನ್ನು ಕೊಟ್ಟು ಅದೊಂದನ್ನು ತೆಗೆದಿಟ್ಟರಾಯಿತು ಎನ್ನುವವರು ಇನ್ನೂ ಹೆಚ್ಚು. ಎರಡನೆಯವರ ಮಾತು ವಿವೇಕದಂತೆ ಕೇಳಿಸುತ್ತದೆ. ಆದರೆ ನಡುವಿನ ಗರಿಯನ್ನು ಕಿತ್ತ ಕಟ್ಟು ಪೂರ್ಣ ಕಟ್ಟಿನಂತೆ ಲೋಕದ ಮುಂದೆ ನಿಂತಾಗ, ಒಂದಕ್ಷರ ಬರೆಯದೆಯೇ ಕೂಟಲೇಖವನ್ನು ಮಾಡಿದಂತಾಯಿತು. ಆ ಆಳುಗಳ ಸಂತತಿಗೆ ತಮ್ಮ ಹಿರಿಯರ ಹೆಸರು ಲೋಕದಲ್ಲಿ ಉಳಿದಿರುವುದು ಬಹುಶಃ ಆ ಒಂದೇ ಗರಿಯಲ್ಲಿ. ಹಿರಿಯರ ಮಾನವನ್ನು ಕಾಯಲು ಇನ್ನೊಬ್ಬರ ಹಿರಿಯರ ಹೆಸರನ್ನೇ ಅಳಿಸುವುದು ದೊಡ್ಡ ಬೆಲೆ.

ಹಾಗೆಂದು ಎಲ್ಲವನ್ನೂ ಬೀದಿಗೆ ಸುರಿಯಬೇಕೆಂಬುದೂ ಧರ್ಮವಲ್ಲ. ಪೆಟ್ಟಿಗೆಯಲ್ಲಿ ವಿಧವೆಯೊಬ್ಬಳ ಪತ್ರವಿರಬಹುದು, ಮನೆಯ ಮಗನ ರೋಗದ ಸಂಗತಿಯಿರಬಹುದು, ಕುಲದಿಂದ ಹೊರಗಿಟ್ಟವರ ಹೆಸರಿರಬಹುದು. ರಹೋಭ್ಯಾಖ್ಯಾನದ ನಿಷೇಧ ಇಂತಹವರ ರಕ್ಷಣೆಗೇ ಇರುವುದು. ಪಶ್ಚಿಮದೇಶಗಳ ಪತ್ರಾಗಾರಗಳು ಇದನ್ನು ಕಾಲದ ಗಡಿಯಿಂದ ಬಗೆಹರಿಸಿವೆ. ಇಂಗ್ಲೆಂಡಿನಲ್ಲಿ ಜನಗಣತಿಯ ಮನೆಮನೆಯ ವಿವರಗಳನ್ನು ನೂರು ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುತ್ತಾರೆ. 1921ರ ಗಣತಿ ತೆರೆದದ್ದು 2022ರ ಜನವರಿಯಲ್ಲಿ. ಭಾರತದ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ ಕೇಂದ್ರ ಸರಕಾರದ ಕಡತಗಳಿಗೆ 25 ವರ್ಷಗಳ ಲೆಕ್ಕ ಹಿಡಿದಿದೆ. ಗ್ರಾಮಕ್ಕೆ ಈ ಲೆಕ್ಕ ಸಾಲದು. ನಗರದಲ್ಲಿ ನೂರು ವರ್ಷದ ಹಿಂದಿನ ಹೆಸರು ಬರಿಯ ಹೆಸರು; ಬಿಳಿನೆಲೆಯಲ್ಲೋ ನೆಟ್ಟಣದಲ್ಲೋ ಅದೇ ಮನೆತನದ ಹೆಸರು ಹೊತ್ತವರು ಅದೇ ತೋಡಿನ ಬದಿಯಲ್ಲಿ ಇಂದಿಗೂ ಇದ್ದಾರೆ. ಆದ್ದರಿಂದ ವರ್ಷಗಳನ್ನು ಎಣಿಸುವುದಕ್ಕಿಂತ, ವಿಷಯ ಎಷ್ಟು ಜನರದು ಎಂದು ನೋಡುವುದು ಮೇಲು. ಇಬ್ಬರ ನಡುವಿನ ವ್ಯವಹಾರ ಇಬ್ಬರದೂ ಹೌದು. ಒಬ್ಬರು ಇನ್ನೊಬ್ಬರಿಂದ ಅದನ್ನು ಮುಚ್ಚುವಂತಿಲ್ಲ. ಒಬ್ಬರ ದುಃಖ, ರೋಗ, ಏಕಾಂತ ಅವರದೇ. ಅದನ್ನು ಮುದ್ರೆಯೊತ್ತಿ, ಎಂದು ತೆರೆಯಬೇಕೆಂಬುದನ್ನು ಮೇಲೆ ಬರೆದು ಇಡಬಹುದು. ಮುಚ್ಚಿಟ್ಟಿದೆ ಎಂದು ಹೇಳಿ ಮುಚ್ಚುವುದಕ್ಕೂ, ಇಲ್ಲವೆಂದು ಹೇಳಿ ಮುಚ್ಚುವುದಕ್ಕೂ ಬಹಳ ಅಂತರವಿದೆ. ಎರಡನೆಯದು ನಿಹ್ನವ, ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣವೆಂದು ಆಚಾರ್ಯರು ಅದನ್ನು ಹೆಸರಿಸಿದ್ದಾರೆ.

ಜಿಲ್ಲೆಯ ಉತ್ತರಭಾಗದ ಮೂಡುಬಿದಿರೆಯಲ್ಲಿ ಈ ಪ್ರಶ್ನೆ ನೂರು ವರ್ಷಗಳ ಹಿಂದೆಯೇ ಅತ್ಯಂತ ತೀವ್ರವಾಗಿ ಎದ್ದಿತ್ತು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ, ಕಷಾಯಪಾಹುಡದ ಮೇಲಿನ ಜಯಧವಲಾ, ಮಹಾಬಂಧ ಇವುಗಳ ಪ್ರಾಚೀನ ತಾಳಪತ್ರಪ್ರತಿಗಳು ಉಳಿದದ್ದು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ. ಶತಮಾನಗಳ ಕಾಲ ಯುದ್ಧ, ಮಳೆ, ಬೆಂಕಿಗಳಿಂದ ಅವನ್ನು ಕಾಯ್ದವರ ಋಣ ತೀರಿಸಲಾಗದ್ದು. ಸಿದ್ಧಾಂತಗ್ರಂಥಗಳ ಅಧ್ಯಯನಕ್ಕೆ ಗೃಹಸ್ಥರಿಗೆ ಅಧಿಕಾರವಿಲ್ಲವೆಂದು ಕೆಲವು ಶ್ರಾವಕಾಚಾರಗಳು ಹೇಳಿದ್ದರಿಂದ, ದರ್ಶನಕ್ಕೆ ಮಾತ್ರ ಹೊರತೆಗೆಯುವ ಸಂಪ್ರದಾಯವಿತ್ತು. ಅದು ಲೋಭವಾಗಿರಲಿಲ್ಲ, ಶ್ರದ್ಧೆಯೇ ಆಗಿತ್ತು. ಆದರೆ ಓದುವ ಮುನಿಗಳೂ ವಿರಳವಾದ ಕಾಲದಲ್ಲಿ ಶ್ರದ್ಧೆಯ ಫಲ ಲೋಭದ ಫಲಕ್ಕಿಂತ ಬೇರೆಯಾಗಿ ಕಾಣಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಸೇಠ ಮಾಣಿಕಚಂದರು, ಸೊಲ್ಲಾಪುರದ ಸೇಠ ಹೀರಾಚಂದ ನೇಮಚಂದರು ಮುಂದೆ ಬಂದು, ಪ್ರತಿ ತೆಗೆಯುವ ಕಾರ್ಯಕ್ಕೆ ಒಪ್ಪಿಗೆ ಪಡೆದರು. ಹೊಸ ಪ್ರತಿಗಳು ಮೂಡುಬಿದಿರೆಯಿಂದ ಹೊರಹೋಗಬಾರದೆಂಬುದು ಕರಾರು. ಬರೆಯುತ್ತಿದ್ದ ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡರು; ಅದು ಸಹಾರನಪುರದ ಶ್ರೀಮಂತ ಶ್ರಾವಕರ ಕೈಸೇರಿತು. ಅಲ್ಲಿಯೂ ಅದನ್ನು ಹೊರಗೆ ಬಿಡುವ ಇಚ್ಛೆಯಿರಲಿಲ್ಲ! ಕನ್ನಡದಿಂದ ನಾಗರಿಗೆ ಇಳಿಸಲು ನೇಮಿಸಿದ ಸೀತಾರಾಮ ಶಾಸ್ತ್ರಿಗಳು ಅಲ್ಲಿಯೂ ಇನ್ನೊಂದು ಪ್ರತಿಯನ್ನು ಗುಟ್ಟಾಗಿ ಮಾಡಿದರು. ಉತ್ತರದ ಊರೂರುಗಳಿಗೆ ಗ್ರಂಥ ಹರಡಿದ್ದು ಆ ಪ್ರತಿಯ ಮೂಲಕ. ಡಾ. ಹೀರಾಲಾಲ ಜೈನರು ಅಮರಾವತಿಯಿಂದ 1939ರಲ್ಲಿ ಮೊದಲ ಸಂಪುಟವನ್ನು ಹೊರತಂದಾಗ ಅವರ ಮುಂದಿದ್ದುದು ಇಂತಹ ಪ್ರತಿಗಳ ಪ್ರತಿಗಳು. ಆಮೇಲೆ ಮೂಡುಬಿದಿರೆಯ ಭಟ್ಟಾರಕರೂ ಪಂಚರೂ ಮನಸ್ಸು ತೆರೆದು, ಮೂಲ ಓಲೆಗಳೊಡನೆ ಪಾಠ ಹೋಲಿಸಲು ನೆರವಾದರು; ಧವಲಾ ಹದಿನಾರು ಸಂಪುಟಗಳಲ್ಲಿ ಪೂರ್ಣವಾಯಿತು.

ಈ ಕಥೆಯನ್ನು ಹೇಳುವಾಗ ಅನೇಕರು ಗುಟ್ಟಿನ ಪ್ರತಿಯನ್ನು ಪುಣ್ಯಕಾರ್ಯವೆಂದು ಹೊಗಳಿಬಿಡುತ್ತಾರೆ. ಅದು ಸರಿಯಲ್ಲ. ಕೊಟ್ಟ ಮಾತನ್ನು ಮೀರಿದ್ದು ಮೀರಿದ್ದೇ. ಕೊಡದೆ ತೆಗೆದುಕೊಂಡದ್ದು ಅದತ್ತಾದಾನವೇ. ಫಲ ಒಳ್ಳೆಯದಾದ ಮಾತ್ರಕ್ಕೆ ಖಾತೆಯ ಖರ್ಚಿನ ಬದಿ ಅಳಿಸಿಹೋಗುವುದಿಲ್ಲ. ಆದರೆ ಮುಂಬಾಗಿಲನ್ನು ಮುಚ್ಚಿದವರು ಹಿಂಬಾಗಿಲಿನ ಕಳ್ಳತನದಲ್ಲಿ ತಮಗೆ ಪಾಲೇ ಇಲ್ಲವೆನ್ನುವಂತಿಲ್ಲ. ಆ ಓಲೆಗಳು ಹುಟ್ಟಿದ್ದಾದರೂ ಹೇಗೆ? ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯೆಂಬ ಶ್ರಾವಕಿ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಯತಿಗಳಿಗೆ ದಾನಮಾಡಿದಳು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಶಾಸ್ತ್ರದಾನವೆಂದರೆ ಓದುವವನ ಕೈಗೆ ತಲುಪಿಸುವುದು. ಈ ಇಬ್ಬರು ಹೆಂಗಸರಿಗೆ ಅದು ತಿಳಿದಿತ್ತು.

ಕಡತಗಳನ್ನು ಕೈಬಿಡದೆಯೇ ಕೊಡುವ ದಾರಿಯೊಂದಿದೆ. ಇಂಗ್ಲೆಂಡಿನ ಬೆಡ್‌ಫರ್ಡ್ ಕೌಂಟಿಯಲ್ಲಿ ಫೌಲರ್ ಎಂಬ ವಿದ್ವಾಂಸರು 1913ರಲ್ಲಿ ಆ ದೇಶದ ಮೊದಲ ಕೌಂಟಿ ಪತ್ರಾಗಾರವನ್ನು ಕಟ್ಟಿದರು. ಈಗ ಅಲ್ಲಿಯ ಪ್ರತಿ ಜಿಲ್ಲೆಗೂ ಬಹುಮಟ್ಟಿಗೆ ಅಂತಹ ಕೇಂದ್ರವಿದೆ: ಕಾಗದ, ನಕಾಶೆ, ಛಾಯಾಚಿತ್ರಗಳು ಒಂದೆಡೆ, ಊರಿನವನು ಉಚಿತವಾಗಿ ಕೂತು ಓದುವ ಮೇಜು ಇನ್ನೊಂದೆಡೆ. ಭೂಮಾಲಿಕ ಮನೆತನಗಳು ಅಲ್ಲಿಗೆ ತಮ್ಮ ಕಡತಗಳನ್ನು ಒಡೆತನ ಉಳಿಸಿಕೊಂಡೇ ಒಪ್ಪಿಸುವುದುಂಟು. ಅದಕ್ಕೆ ಅವರು ಬಳಸುವ ಮಾತು ಡಿಪಾಸಿಟ್. ಕನ್ನಡದಲ್ಲಿ ಠೇವಣಿ, ಶಾಸ್ತ್ರದ ಮಾತಿನಲ್ಲಿ ನ್ಯಾಸ. ಬ್ಯಾಂಕಿನಲ್ಲಿ ಹಣವಿಟ್ಟವನಿಗೆ ಅದು ಪರರ ಪಾಲಾಯಿತೆಂಬ ದುಃಖವಿಲ್ಲ. ಮನೆಯಲ್ಲಿದ್ದರೆ ಗೆದ್ದಲಿಗೆ ಹೋಗುತ್ತಿತ್ತೆಂಬುದು ಅವನಿಗೆ ಗೊತ್ತಿದೆ.

ತುಳುನಾಡಿನಲ್ಲಿ ಕೆಲಸ ಆಗಿಲ್ಲವೆಂದಲ್ಲ. ಮೂಡುಬಿದಿರೆಯ ರಮಾರಾಣಿ ಶೋಧ ಸಂಸ್ಥಾನ, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಮತ್ತು ಅಲ್ಲಿಯ ಹಸ್ತಪ್ರತಿ ಸಂಗ್ರಹ, ಬಂಟವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಇವೆಲ್ಲ ಕಣ್ಣಮುಂದಿವೆ. ಆದರೆ ಇವುಗಳಲ್ಲಿ ಗ್ರಂಥಕ್ಕೂ ಅಪರೂಪದ ವಸ್ತುವಿಗೂ ಸಿಗುವ ಮರ್ಯಾದೆ ಮನೆಯ ಗೇಣಿಲೆಕ್ಕಕ್ಕೆ ಸುಲಭವಾಗಿ ಸಿಗದು. ಕೊಡುವವರೂ ಪುರಾಣದ ಕಟ್ಟನ್ನು ತಲೆಯ ಮೇಲಿಟ್ಟು ತರುತ್ತಾರೆಯೇ ಹೊರತು ಲೆಕ್ಕದ ಕಟ್ಟನ್ನಲ್ಲ. ಪುತ್ತೂರು, ಸುಳ್ಯ, ಕಡಬಗಳ ಗ್ರಾಮಗಳಿಗೆ ಹತ್ತಿರದಲ್ಲಿ, ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದಲ್ಲಿ ಇಂತಹ ಒಂದು ಮೇಜು ಬೇಕು.

ಕಟ್ಟಡಕ್ಕೆ ಕಾಯಬೇಕಾಗಿಲ್ಲ. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳೊರೆಸಿ, ಹೊಸ ವಸ್ತ್ರ ಸುತ್ತಿ ಪೂಜಿಸುವುದು ಸಂಪ್ರದಾಯ. ಘಟ್ಟದ ತಪ್ಪಲಿನಲ್ಲಿ ಮಳೆ ಹಿಡಿಯುವ ಹೊತ್ತೂ ಅದೇ. ಆ ದಿನ ಲೆಕ್ಕದ ಕಟ್ಟುಗಳನ್ನೂ ಅಟ್ಟದಿಂದ ಇಳಿಸಿ, ಒಂದು ಕೆಲಸವನ್ನಾದರೂ ಮಾಡಬಹುದು: ಎಣಿಸುವುದು. ಇಟ್ಟವನು ಎಣಿಕೆ ಮರೆತಲ್ಲಿ ತಾನೆ ನ್ಯಾಸಾಪಹಾರ ಹುಟ್ಟುವುದು? ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ, ಕಾರ್ಕಳ ಮುಂತಾದೆಡೆಗಳ ಭಂಡಾರಗಳಲ್ಲಿ ಕೂತು ತಾಳೆಗರಿಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು. ಅವರ ಸೂಚಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಅಚ್ಚಾಯಿತು. ಮನೆಯ ಪೆಟ್ಟಿಗೆಗೆ ಅಷ್ಟು ಪಾಂಡಿತ್ಯ ಬೇಡ. ಕಟ್ಟುಗಳೆಷ್ಟು, ಪ್ರತಿ ಕಟ್ಟಿನಲ್ಲಿ ಗರಿ ಅಥವಾ ಹಾಳೆಗಳೆಷ್ಟು, ಯಾವ ಲಿಪಿ, ಓದಲಾದರೆ ಯಾವ ಗ್ರಾಮದ್ದು, ಯಾವ ವರ್ಷದ್ದು, ಮುದ್ರೆಯೊತ್ತಿದ್ದು ಯಾವುದು, ಎಂದಿನವರೆಗೆ; ಎರಡು ಹಾಳೆಯ ಪಟ್ಟಿ. ಅದರ ಒಂದು ಪ್ರತಿ ಪೆಟ್ಟಿಗೆಯಲ್ಲಿಯೇ ಇರಲಿ. ಇನ್ನೊಂದು ಗ್ರಾಮ ಪಂಚಾಯತಿನಲ್ಲಿ ಇದ್ದರೆ, ಒಕ್ಕಲಿನ ಮೊಮ್ಮಗನು ಚೆನ್ನೈಯ ರೈಲು ಹತ್ತುವ ಮೊದಲು ಅದನ್ನು ನೋಡಬಹುದು.